ಕುರುಗೋಡಿನ ಹೊಸ ಕಟ್ಟಡ

ಬಳ್ಳಾರಿಯಲ್ಲಿ ನಾನು ಗುತ್ತಿಗೆ ಮೇಲೆ ದುಡಿಯುತ್ತಿದ್ದ ಕಚೇರಿ ಅಂಗವಿಕಲ ಮಕ್ಕಳಿರುವ ಕುಟುಂಬಗಳ ಯೋಜನೆಯೊಂದನ್ನು ನೋಡಿಕೊಳ್ಳುತ್ತಿತ್ತು. ಅದರಡಿ ಸಿರುಗುಪ್ಪದ ಬಾಡಿಗೆ ಮನೆಯೊಂದರಲ್ಲಿ ಹಗಲು ಪಾಲನಾ ಕೇಂದ್ರ ನಡೆಯುತ್ತಿತ್ತು. ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಆಯಾ ಇದ್ದಳು, ಮಕ್ಕಳಿಗೆ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಳು. ನಾನು ಆಗಾಗ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ.

ಆ ಮಕ್ಕಳಲ್ಲಿ ಹುಟ್ಟಿನಿಂದಲೇ ಕೈಕಾಲು ಬಿಗಿದುಕೊಂಡಿದ್ದ ಒಬ್ಬ ಹುಡುಗಿಯಿದ್ದಳು. ತಂದೆ ಇರಲಿಲ್ಲ. ತಾಯಿ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಕೆಲಸಕ್ಕಿದ್ದಳು. ಮೊದಮೊದಲು ಮಲಗಿದಲ್ಲೇ ಇರುತ್ತಿದ್ದವಳು ಕ್ರಮೇಣ ಗೋಡೆಗೆ ಒರಗಿ ಕೂರುವುದನ್ನು ಕಲಿತಳು. ಒಂದು ಸಂಜೆ ತಾಯಿ ಕರೆದೊಯ್ಯಲು ಬಂದಾಗ ಅವಳು ವ್ಯಾಯಾಮದ ಕಂಬಿ ಹಿಡಿದು ನಿಂತಿದ್ದಳು. ತಾಯಿ ಹೊಸ್ತಿಲಲ್ಲೇ ನಿಂತಳು.

"ನಿಂತಾಳಲ್ರಿ ಅಕ್ಕಾ," ಎಂದು ಅಲ್ಲೇ ಇದ್ದ ನನಗೆ ಮೆಲ್ಲಗೆ ಹೇಳಿದಳು. ಒಳಗೆ ಬರುವುದನ್ನೂ ಮರೆತು ಮಗಳನ್ನೇ ನೋಡುತ್ತಿದ್ದಳು.

ಆ ಹೊತ್ತಿಗೆ ಕುರುಗೋಡಿನಲ್ಲಿ ಕೇಂದ್ರಕ್ಕೆಂದೇ ಸರ್ಕಾರ ಕಟ್ಟಿಸುತ್ತಿದ್ದ ಹೊಸ ಕಟ್ಟಡ ಮುಗಿಯಿತು. ವಾರ್ಷಿಕ ಕ್ರಿಯಾಯೋಜನೆಯ ಸಭೆಯಲ್ಲಿ ಸಿರುಗುಪ್ಪದ ಬಾಡಿಗೆಯನ್ನು ಕೈಬಿಟ್ಟರು. ಆಯಾ, ಫಿಸಿಯೋಥೆರಪಿಸ್ಟ್ ಇಬ್ಬರ ನೇಮಕವೂ ಆ ಬಾಡಿಗೆ ಕೇಂದ್ರದೊಂದಿಗೇ ಮುಗಿಯುತ್ತಿತ್ತು. ಹೊಸ ಕಟ್ಟಡದ ಹುದ್ದೆಗಳಿಗೆ ಬೇರೆ ಇಲಾಖೆಯ ಮಂಜೂರಾತಿ ಬೇಕಿತ್ತು, ಅದಿನ್ನೂ ಬಂದಿರಲಿಲ್ಲ.

"ಅಲ್ಲಿಗೆ ಕೆಲಸದ ಮಂದಿ ಬರೋತನ ಸಿರುಗುಪ್ಪದ್ದನ್ನ ನಡಸಬಹುದಲ್ರಿ ಸರ್?" ಎಂದು ಕೇಳಿದೆ.

"ಸ್ವಂತ ಬಿಲ್ಡಿಂಗ್ ಇಟ್ಕೊಂಡು ಬಾಡಿಗಿ ಕೊಟ್ರ ಆಡಿಟ್‌ನ್ಯಾಗ ನನ್ನ ಹಿಡೀತಾರ್ರಿ. ಪೋಸ್ಟಿಗೆ ಬರದೀವಿ. ಬಂದಾಗ ಬರ್ತಾವ," ಎಂದರು ನಮ್ಮ ಕಚೇರಿಯ ಅಧಿಕಾರಿ. ಅವರು ಕೆಟ್ಟವರಾಗಿರಲಿಲ್ಲ. ಅದಕ್ಕೇ ನನಗೆ ಯಾರ ಜೊತೆ ಜಗಳವಾಡಬೇಕೋ ತಿಳಿಯಲಿಲ್ಲ.

ಸಿರುಗುಪ್ಪದ ಕೇಂದ್ರ ಮುಚ್ಚಿತು. ಸ್ವಲ್ಪ ದಿನ ತಡೆಯಿರೆಂದು ತಾಯಂದಿರಿಗೆ ಹೇಳಿ ಬಂದೆ. ಗಿರಣಿಯ ಕೆಲಸ ತಡೆಯುವಂಥದ್ದಲ್ಲ. ಆ ಹುಡುಗಿಯ ತಾಯಿ ಮಗಳನ್ನು ಎತ್ತಿಕೊಂಡು, ಬಸ್ಸು ಬದಲಿಸಿ, ಕುರುಗೋಡಿಗೇ ಹೋದಳು. ಅಲ್ಲಿಂದ ನನಗೆ ಫೋನ್ ಮಾಡಿದಳು.

"ಬೀಗ ಹಾಕ್ಯಾರ್ರಿ ಅಕ್ಕಾ. ಕಿಟಕ್ಯಾಗಿಂದ ನೋಡೀನಿ. ಕಂಬಿ ಹೊಸಾವು ಅದಾವು, ಕುರ್ಚಿಗೆ ಪ್ಲಾಸ್ಟಿಕ್ ಹಂಗ ಐತಿ. ಮಂದಿ ಯಾವಾಗ ಬರ್ತಾರ್ರಿ?"

"ನನಗೂ ಗೊತ್ತಿಲ್ಲವ್ವ. ಬಿಸಲಾಗ ನಿಂದ್ರಬ್ಯಾಡ, ಮನಿಗೆ ಹೋಗು."



ಕೆಲ ದಿನ ಮಗಳನ್ನು ಗಿರಣಿಗೇ ಒಯ್ದು ನೆರಳಲ್ಲಿ ಗೋಣಿಚೀಲ ಹಾಸಿ ಮಲಗಿಸಿದಳು. ತೌಡಿನ ಧೂಳಿಗೆ ಮಗುವಿಗೆ ಕೆಮ್ಮು ಹತ್ತಿತು. ಕೂಸನ್ನು ತರಬೇಡವೆಂದು ಮೇಸ್ತ್ರಿ ಹೇಳಿದ. ಆಕೆ ಗಿರಣಿ ಬಿಟ್ಟು ಮನೆಯಲ್ಲೇ ರೊಟ್ಟಿ ಬಡಿದು ಮಾರತೊಡಗಿದಳು.

ನಾನು ಕಚೇರಿಯಲ್ಲಿ ಹುದ್ದೆಗಳ ಬಗ್ಗೆ ಕೇಳುತ್ತಲೇ ಇದ್ದೆ. ಮರುವರ್ಷದ ಯೋಜನೆಯಲ್ಲಿ ಕುರುಗೋಡಿನ ಕಟ್ಟಡಕ್ಕೆ ಕಾಂಪೌಂಡ್ ಗೋಡೆ ಮಂಜೂರಾಯಿತು. ಹುದ್ದೆಗಳು ಆಗಲಿಲ್ಲ.

ಆಮೇಲೆ ಒಮ್ಮೆ ಸಿರುಗುಪ್ಪದಲ್ಲಿ ಅವರ ಮನೆಗೆ ಹೋದೆ. ಹುಡುಗಿ ನನ್ನ ಗುರುತು ಹಿಡಿದು ನಕ್ಕಳು. ಮೈ ತುಂಬಿಕೊಂಡಿದ್ದಳು, ವ್ಯಾಯಾಮವಿಲ್ಲದೆ ಮೊಣಕಾಲು ಮಾತ್ರ ಮಡಚಿದ್ದು ಮಡಚಿದಂತೆಯೇ ಇತ್ತು. ಕಂಕುಳಿಗೆ ಕೈಕೊಟ್ಟು ನಿಲ್ಲಿಸಲು ಹೋದೆ. ಪಾದ ನೆಲಕ್ಕೆ ತಾಗಿದ್ದೇ ಚೀರಿದಳು.

"ಬಿಡ್ರಿ ಅಕ್ಕಾ, ನಿಂದರಸಬ್ಯಾಡ್ರಿ," ಎಂದಳು ತಾಯಿ. "ಆಕಿಗೆ ನೋವಾಕ್ಕೈತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಚಾಪೆಯ ಮೇಲೆ ಮಲಗಿಸಿದಳು.