ಗುರುವಾರದ ಹತ್ತು ರೊಟ್ಟಿ

ನಾನು ಮದುವೆಯಾಗಿ ರೋಣಕ್ಕೆ ಬಂದ ಎರಡನೆಯ ವರ್ಷ ನಮ್ಮ ಮನೆಗೆ ಒಬ್ಬ ಆಟಗಾರ ಗಂಟುಬಿದ್ದ. ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ಹಲ್ಲು ಕಡಿದುಕೊಂಡೇ ಅನ್ನುತ್ತಿದ್ದೆ. ಐವತ್ತರ ದಶಕದ ಮಾತು. ಕಬಡ್ಡಿಗೆ ನಮ್ಮ ಕಡೆ ಹುತುತು ಎನ್ನುತ್ತಿದ್ದರು. ನಮ್ಮ ಮಾವನವರಿಗೆ ಅದರ ಹುಚ್ಚು. ಹೊಲದಲ್ಲಿ ಜೋಳ ಎಷ್ಟೆತ್ತರ ಬಂದಿದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ನರೇಗಲ್ಲಿನ ತಂಡದಲ್ಲಿ ಯಾರ ಉಸಿರು ಎಷ್ಟು ಉದ್ದ ಎಂಬುದು ಬಾಯಿಪಾಠವಾಗಿತ್ತು.

ಲಕ್ಕಲಕಟ್ಟಿಯಲ್ಲಿ ಒಬ್ಬ ಗಟ್ಟಿ ಆಳು ಒಂದೇ ಉಸಿರಿನಲ್ಲಿ ಇಡೀ ಅಂಗಳ ಸುತ್ತಿ ಬರುತ್ತಾನೆಂದು ಕೇಳಿ ಮಾವನವರು ಗಾಡಿ ಹೂಡಿಕೊಂಡು ಹೋದರು. ಅವನ ತಾಯಿ ಇವರಿಗಿಂತ ಗಟ್ಟಿ. "ನನ್ನ ಮಗ ನಿಮ್ಮೂರಿಗೆ ಆಡಬೇಕಂದ್ರ ಅವನ ಹೊಟ್ಟಿ ನಿಮ್ಮದು" ಅಂದಳಂತೆ. ಇವರು ಎಲೆ ಅಡಿಕೆ ಕೈಯಲ್ಲಿಟ್ಟು ಮಾತು ಕೊಟ್ಟು ಬಂದರು: ಮೂರು ನಾಗರಪಂಚಮಿ ಮುಗಿಯುವ ತನಕ ರೋಣದ ಏಳು ಮನೆಗಳು ವಾರಕ್ಕೊಂದು ದಿನದಂತೆ ಅವನಿಗೆ ಊಟ ಹಾಕಬೇಕು. ಓದುವ ಹುಡುಗರಿಗೆ ವಾರಾನ್ನ ಹಾಕುವುದನ್ನು ನಾನು ಕಂಡಿದ್ದೆ. ಆಟಗಾರನಿಗೆ ವಾರಾನ್ನ ಹಾಕಿದವರು ನಾವೇ ಮೊದಲಿರಬೇಕು. ಗುರುವಾರ ನಮ್ಮ ಮನೆಗೆ ಬಂತು. ನಮ್ಮ ಮನೆಗೆ ಎಂದರೆ ನನ್ನ ಕೈಗೆ.

ಊರೂರುಗಳ ಪಂದ್ಯ ನಡೆಯುತ್ತಿದ್ದುದು ಪಂಚಮಿಗೇ; ಮೊದಲ ಪಂಚಮಿಗೆ ಅವನು ಚೆನ್ನಾಗಿಯೇ ಆಡಿದ. ಸುಗ್ಗಿಯಲ್ಲಿ ಮೇವಿನ ಗಾಡಿಯ ಮೇಲಿಂದ ಜಿಗಿದು ಮೊಣಕಾಲು ತಿರುಚಿಕೊಂಡ. ಓಟ ಹೋಯಿತು, ಹಸಿವು ಹೋಗಲಿಲ್ಲ. ಕೂತರೆ ಹತ್ತು ರೊಟ್ಟಿ. ಮಾತಿನ ಪ್ರಕಾರ ಇನ್ನೂ ಎರಡು ಪಂಚಮಿ ಬಾಕಿ.

ಅಂದಿನಿಂದ ನಮ್ಮ ಮನೆಯ ಕಟ್ಟೆಯ ಮೇಲೆ ದಿನಾ ಸಂಜೆ ಪಂಚಾಯಿತಿ. ಮಾವನವರು, ಎದುರು ಮನೆಯ ದರ್ಜಿ, ಸಾಲಿ ಮಾಸ್ತರರು, ಈ ಮೂವರೇ ಖಾಯಂ. ಮೂವರೂ ಜನ್ಮದಲ್ಲಿ ಒಂದು ಸಲವೂ ಅಂಗಳಕ್ಕಿಳಿದವರಲ್ಲ. ಒಂದು ದಿನ ದರ್ಜಿ ನರೇಗಲ್ಲಿನಿಂದ ಸುದ್ದಿ ತಂದ. ಅವರ ದಾಳಿಗಾರನಿಗೂ ಅಲ್ಲಿಯ ಹಿರಿಯರಿಗೂ ಬಿರುಸು ಮಾತಾಗಿತ್ತು. ಅವನನ್ನು ನಮಗೆ ಕೊಟ್ಟು ನಮ್ಮವನನ್ನು ಒಯ್ಯಲು ಅವರು ತಯಾರು. ಆದರೆ ಒಂದು ಷರತ್ತು.

"ಇವನ ಊಟ ಮಾತ್ರ ನಮ್ಮ ಮ್ಯಾಲೇ ಇರ್ಬೇಕಂತ್ರಿ" ಎಂದ ದರ್ಜಿ.

"ಅಂದ್ರ ಇವ ಅವರ ಕಡೆ ಆಡ್ತಾನ, ಉಣ್ಣೂದು ನಮ್ಮನ್ಯಾಗ?" ಎಂದರು ಮಾಸ್ತರರು. "ಬರೋ ಆ ಇನ್ನೊಬ್ಬಗೂ ನಾವ ಹಾಕಬೇಕು. ಇದೆಂಥಾ ಲೆಕ್ಕರಿ?"

"ಮಾತು ಕೊಟ್ಟೀನಿ. ಅನ್ನದ ಮಾತು ಇನ್ನೊಬ್ಬರ ತಲಿಗೆ ಕಟ್ಟಾಕ ಬರಂಗಿಲ್ಲ" ಎಂದು ಮಾವನವರು ನಿಟ್ಟುಸಿರುಬಿಟ್ಟರು. "ಆದ್ರೂ ಗೆಲ್ಲಬೇಕಲ್ಲ. ಇಬ್ಬರಿಗೂ ಹಾಕಿದ್ರಾತು."

ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಉರಿದುಹೋಯಿತು. ಹಾಕಿದರಾಯಿತಂತೆ. ಬೀಸುವವರು ಯಾರು, ಬಡಿಯುವವರು ಯಾರು? ಆದರೆ ನಿಜ ಹೇಳಬೇಕೆಂದರೆ ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ಗುರುವಾರ ಅವನು ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದಾಗ ನಮ್ಮ ಹೋರಿಗರು ಹಗ್ಗ ಕಿತ್ತುಕೊಂಡು ಓಡಿತ್ತು. ಅವನು ಏಳಲಿಲ್ಲ. ಕೂತಲ್ಲಿಂದಲೇ ಎಡಗೈ ಚಾಚಿ ಅದರ ಹಿಂಗಾಲು ಹಿಡಿದ. ಅದು ಎಳೆದಾಡಿತು, ಒದ್ದಾಡಿತು. ನಾನು ಹಗ್ಗ ತರುವವರೆಗೂ ಅವನು ಬಲಗೈಯಿಂದ ಪುಂಡಿಪಲ್ಯೆ ಹಚ್ಚಿಕೊಂಡು ತಿನ್ನುತ್ತಲೇ ಇದ್ದ. ಇಂಥವನ ಕೈಗೆ ಸಿಕ್ಕ ಕಾಲು ಬಿಡಿಸಿಕೊಳ್ಳುವವರು ಯಾರೆಂದು ಅಂದೇ ಅಂದುಕೊಂಡಿದ್ದೆ.

ನಮ್ಮೂರವರ ತಪ್ಪೂ ಅಲ್ಲೇ ಇತ್ತು. ಉಸಿರು ಕಟ್ಟಿ ಎದುರಿನವರ ಅಂಗಳಕ್ಕೆ ನುಗ್ಗುವವನೊಬ್ಬನೇ ಅವರಿಗೆ ಆಟಗಾರ. ಹಿಡಿಯಲು ನಿಲ್ಲುವವರು ಬೇಲಿಗಿಂತ ಹೆಚ್ಚಲ್ಲ, ಯಾರಾದರೂ ನಡೆದೀತು. ಅವನನ್ನು ಹಿಡಿಯಲು ನಿಲ್ಲಿಸುವ ಯೋಚನೆ ಮೂವರ ತಲೆಗೂ ಹೊಳೆದಿರಲಿಲ್ಲ.

ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದೆ. ಗಂಡಸರ ಮಾತಿನಲ್ಲಿ ಸೊಸೆ ಬಾಯಿ ಹಾಕಿದ್ದು ಆ ಮನೆಯಲ್ಲಿ ಅದೇ ಮೊದಲು.

"ಅವನ್ನ ಕೊಡಬ್ಯಾಡ್ರಿ. ಓಡಸಬ್ಯಾಡ್ರಿ, ಹಿಡ್ಯಾಕ ನಿಲ್ಲಸ್ರಿ. ಈ ಪಂಚಮಿಗೆ ಸೋತ್ರ, ಉಳದ ವರ್ಷ ಏಳೂ ಮನೀ ರೊಟ್ಟಿ ನಾ ಒಬ್ಬಾಕೀನ ಬಡೀತೀನಿ."

ಆಡಿದ ಮೇಲೆ ಲೆಕ್ಕ ಹಾಕಿದೆ. ಒಂದು ವರ್ಷ, ದಿನಾ ಹತ್ತು ರೊಟ್ಟಿ, ಅದೂ ನಮ್ಮ ಮನೆಯವರದ್ದು ಬಿಟ್ಟು. ಒಳಗಿನಿಂದ ಅತ್ತೆ ಬೈಯಲಿಲ್ಲ. "ಮಾತು ಕೊಟ್ಟಿ. ಇನ್ನ ಬೀಸೂ ಕಲ್ಲಿಗೆ ಗೂಟಾ ಗಟ್ಟಿ ಮಾಡ್ಕೋ" ಎಂದರಷ್ಟೆ. ಏಳು ಮನೆಗಳಿಗೂ ಸುದ್ದಿ ಮುಟ್ಟಿತು. ಉಳಿದ ಆರು ಮನೆಯ ಹೆಂಗಸರು ನೀರಿಗೆ ಹೋದಾಗ ನನ್ನನ್ನು ನೋಡಿ ಮುಸಿಮುಸಿ ನಗುತ್ತಿದ್ದರು.

ಆ ಸಲ ಆಟ ಗಜೇಂದ್ರಗಡದಲ್ಲಿ. ಅದು ನನ್ನ ತವರು. ಪಂಚಮಿಗೆ ಹೇಗೂ ತವರಿಗೆ ಹೋಗಿದ್ದೆ. ನಮ್ಮ ಮಾಳಿಗೆಯ ಮೇಲೆ ನಿಂತರೆ ಗುಡ್ಡದ ಕೆಳಗಿನ ಬಯಲು ಪೂರ್ತಿ ಕಾಣುತ್ತಿತ್ತು. ಕೈಯಲ್ಲಿ ಶೇಂಗಾದ ಉಂಡೆ ಹಿಡಿದುಕೊಂಡು ಹತ್ತಿದೆ. ಎದುರಾಳಿ ನರೇಗಲ್ಲು. ನಮ್ಮವರು ಬೇಕೆಂದಿದ್ದ ಅದೇ ದಾಳಿಗಾರ, ಊರಿನವರ ಜೊತೆ ರಾಜಿಯಾಗಿ, ಮೀಸೆ ತಿರುವುತ್ತ ನಿಂತಿದ್ದ.

ನಮ್ಮವನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಕುಂಟುವವನನ್ನು ನೋಡಿ ನರೇಗಲ್ಲಿನವರು ಮೊದಲು ಅವನ ಕಡೆಗೇ ಬಂದರು. ಒಬ್ಬ ಬಂದ, ಹಿಂದಿರುಗಲಿಲ್ಲ. ಇನ್ನೊಬ್ಬ ಬಂದ, ಅವನದೂ ಅದೇ ಗತಿ. ಆಮೇಲೆ ಆ ಮೂಲೆಗೆ ಯಾರೂ ಸುಳಿಯಲಿಲ್ಲ. ಆದರೆ ನಮ್ಮಲ್ಲಿ ನುಗ್ಗುವವರು ಅಷ್ಟು ಗಟ್ಟಿಗರಲ್ಲ. ಕೊನೆಗೆ ಎರಡೂ ಕಡೆ ಸಮ, ಉಳಿದದ್ದು ನರೇಗಲ್ಲಿನವರದೊಂದೇ ದಾಳಿ. ಮೀಸೆಯವನು ಬಂದ. ನಮ್ಮ ಒಬ್ಬನನ್ನು ಮುಟ್ಟಿ, ತಿರುಗಿ, ಗೆರೆಯ ಕಡೆಗೆ ಹಾರಿದ. ನಮ್ಮವನು ಓಡಲಿಲ್ಲ. ಮಣ್ಣಿಗೆ ಅಡ್ಡಬಿದ್ದು ಎಡಗೈ ಚಾಚಿದ.

ಕಾಲು ಸಿಕ್ಕಿತು. ಆ ದಾಳಿಗಾರ ಹುತುತು ಎನ್ನುತ್ತ ಗೆರೆಗೆ ಕೈ ಚಾಚಿದ, ಎಳೆದ, ಒದ್ದ. ಹೋರಿಗರುವಿನ ಹಾಗೆಯೇ. ಗೆರೆ ಗೇಣುದ್ದ ದೂರವಿರುವಾಗ ಅವನ ಉಸಿರು ಕಡಿದುಹೋಯಿತು. ಬಯಲೆಲ್ಲ ಎದ್ದು ಕುಣಿಯಿತು. ಮಾವನವರ ರುಮಾಲು ಆಕಾಶಕ್ಕೆ ಹಾರಿದ್ದನ್ನು ನಾನು ಮಾಳಿಗೆಯಿಂದಲೇ ಕಂಡೆ. ನನ್ನ ಕೈಯಲ್ಲಿದ್ದ ಉಂಡೆ ಪುಡಿಪುಡಿಯಾಗಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಯಜಮಾನರಿಗೂ ಹೇಳಿದ್ದೇನೆ.

ನಾನು ರೋಣಕ್ಕೆ ಮರಳಿದ ಮೇಲೆ, ಒಂದು ಗುರುವಾರ, ನರೇಗಲ್ಲಿನ ಹಿರಿಯರಿಬ್ಬರು ಕಟ್ಟೆಗೆ ಬಂದರು. ಹಿತ್ತಲಲ್ಲಿ ಅವನು ಏಳನೆಯ ರೊಟ್ಟಿಯಲ್ಲಿದ್ದ.

"ಇವನ್ನ ಕೊಡ್ರಿ. ಬದಲಿಗೆ ಇಬ್ಬರನ್ನ ಕೊಡ್ತೀವಿ" ಎಂದರು. "ಊಟಾನೂ ನಮ್ಮದ."

ದರ್ಜಿಯ ಬಾಯಲ್ಲಿ ನೀರೂರಿತು. ಮಾಸ್ತರರು ಬೆರಳು ಮಡಚತೊಡಗಿದರು. ಮಾವನವರು ಇಬ್ಬರನ್ನೂ ನೋಡಲಿಲ್ಲ. ಬಾಗಿಲ ಕಡೆ ತಿರುಗಿ, ಎಲ್ಲರೆದುರು, "ಏನ ಹೇಳ್ಲಿವಾ?" ಎಂದು ನನ್ನನ್ನು ಕೇಳಿದರು.

ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದೆ. "ಇನ್ನ ಮೂರು ರೊಟ್ಟಿ ಬಾಕಿ ಅದಾವ್ರಿ. ಅವ ಎಲ್ಲೂ ಹೋಗಂಗಿಲ್ಲ" ಅಂದೆ.