ತಾರ್ನಾಕದ ಶನಿವಾರಗಳಲ್ಲಿ ಸ್ಟ್ರಿಂಗ್ ಥಿಯರಿ

ಹೈದರಾಬಾದಿನಲ್ಲಿ ನನ್ನ ಮೊದಲ ಪಾಠ ಮುಗಿದಾಗ ಇಡೀ ತರಗತಿ ತಲೆಯಾಡಿಸಿತು. ಹೊರಗೆ ಬರುವಾಗ ಬೆನ್ನ ಹಿಂದೆ ಯಾರೋ ಹೇಳಿದ್ದು ಕೇಳಿಸಿತು: "ಏಮೀ ಅರ್ಥಂ ಕಾಲೇದು ರಾ!" 'ಅರ್ಥಂ' ಎಂಬುದಷ್ಟೇ ನನಗೆ ತಿಳಿಯಿತು. ಪಾಠ ಅರ್ಥವಾಗಿದೆ ಎಂದು ಹಿಗ್ಗಿದೆ. ಸಂಜೆ ಮನೆ ಮಾಲಕಿಗೆ ಹೇಳಿದರೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಏನೂ ಅರ್ಥವಾಗಲಿಲ್ಲ' ಎಂದಿದ್ದರಂತೆ!

ನಾನು ಮೊದಲು ಕಲಿಸುತ್ತಿದ್ದ ನಮ್ಮೂರು ಬಾಗಲಕೋಟೆಯಲ್ಲಿ ಪಾಠದ ನಡುವೆ "ತಿಳೀತೇನ್ರೋ?" ಎಂದರೆ ಇಲ್ಲವೆಂದು ಮುಖಕ್ಕೇ ಹೇಳುವವರಿದ್ದರು. ಇಲ್ಲಿ ತಾರ್ನಾಕ ಬಡಾವಣೆಯ ಡಿಗ್ರಿ ಕಾಲೇಜಿನ ಕೆಲಸಕ್ಕೆಂದು ಬಂದ ಮೇಲೆ ನನ್ನ ಇಂಗ್ಲಿಷಿಗೂ ಮಕ್ಕಳ ತೆಲುಗಿಗೂ ನಡುವೆ ಗೋಡೆಯೆದ್ದಿತ್ತು. ಅಲ್ಲೇ ಹತ್ತಿರದ ನನ್ನ ಬಾಡಿಗೆಯ ಮಹಡಿ ಕೋಣೆಯಲ್ಲಿ ಭಾನುವಾರವಿಡೀ ಒಂದು ಕನ್ನಡ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಮಾಲಕಿಯ ಗೋಂಗೂರ ನಮ್ಮ ಪುಂಡಿಪಲ್ಯದ ಸೊಪ್ಪೇ ಎಂದು ಗೊತ್ತಾದ ದಿನ ಮಾತ್ರ ಎರಡು ಸಲ ಅನ್ನ ಬಡಿಸಿಕೊಂಡೆ.

ಕೊನೆಯ ವರ್ಷದ ಬಿ.ಎಸ್‌ಸಿ. ಮಕ್ಕಳಿಗೆ ಸ್ಟ್ರಿಂಗ್ ಥಿಯರಿಯ ರುಚಿ ಹತ್ತಿಸಬೇಕೆಂಬುದು ನನ್ನ ಹಳೆಯ ಆಸೆ. ಜಗತ್ತಿನ ಅತಿ ಸಣ್ಣ ಕಣಗಳು ಚುಕ್ಕಿಗಳಲ್ಲ, ಮಿಡಿಯುವ ಎಳೆಗಳು. ಮಿಡಿಯುವ ಬಗೆ ಬೇರೆಯಾದರೆ ಕಣವೇ ಬೇರೆ ಎನ್ನುತ್ತದೆ ಅದು. "ಸಿಲಬಸ್ಸಿನಲ್ಲಿ ಇಲ್ಲದ್ದಕ್ಕೆ ಯಾರು ಬರ್ತಾರಮ್ಮಾ?" ಎಂದ ವಿಭಾಗದ ಮುಖ್ಯಸ್ಥರು, ಕೊನೆಗೆ ಶನಿವಾರ ಮಧ್ಯಾಹ್ನ ಒಂದು ತಾಸು ಕೊಟ್ಟರು. ಮೊದಲ ವಾರ ಮೂವತ್ತು ಮಂದಿ ಬಂದರು. ಮೂರನೆಯ ವಾರ ನಾಲ್ಕೇ ಜನ.

ಆ ದಿನ ಬೋರ್ಡು ಒರೆಸುತ್ತ, ಇದನ್ನು ನಿಲ್ಲಿಸಿಬಿಡೋಣ ಅಂದುಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಮಲ್ಲಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನೀವು ಭಾಳ ಜೋರ ಹೊಂಟೀರಿ. ಹಗ್ಗ ಹಿಡದು ತೋರ್ಸಿದ್ರ ತಿಳೀತಿತ್ರಿ."

ಕನ್ನಡ! ಡಸ್ಟರ್ ಕೆಳಗಿಟ್ಟು ಊರು ಯಾವುದೆಂದು ಕೇಳಿದೆ. ಅವಳ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವಳು ಬೆಳೆದದ್ದು ಇಲ್ಲೇ.

"ಇಷ್ಟ ದಿನ ಯಾಕ ಹೇಳ್ಲಿಲ್ಲವ್ವಾ?"

"ಕನ್ನಡ ಮಾತಾಡಿದ್ರ ಕೂಲಿಯೋರ ಮಗಳು ಅಂತಾರ್ರಿ," ಎಂದು ನೆಲ ನೋಡಿದಳು.

ಬೇಗಂ ಬಜಾರಿಗೆ ಹೋಗಿ ಉದ್ದನೆಯ ಹಗ್ಗ ತಂದೆವು. ಮುಂದಿನ ಶನಿವಾರ ಅದರ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಮಲ್ಲಮ್ಮ ಅಲ್ಲಾಡಿಸಿದಳು. ಒಂದು ಉಬ್ಬು, ಎರಡು ಉಬ್ಬು, ಇನ್ನೂ ಬಿರುಸಾಗಿ ಆಡಿಸಿದರೆ ಮೂರು. ನಾನು ಬೋರ್ಡಿನ ಮೇಲೆ ಗಣಿತ ಬರೆದೆ, ಅವಳು ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಮೊದಲಿದ್ದ ನಾಲ್ವರೂ ತಮ್ಮ ಗೆಳೆಯರನ್ನು ಕರೆತಂದರು. ಎರಡು ವಾರದಲ್ಲಿ ಬೆಂಚುಗಳು ಸಾಲದಾದವು.

ವರ್ಷದ ಕೊನೆಗೆ ವಿಭಾಗದ ಎಲ್ಲರೆದುರು ಮಕ್ಕಳೇ ವಿಷಯ ಮಂಡಿಸಿದರು. ಮುಖ್ಯಸ್ಥರು ಮಲ್ಲಮ್ಮನನ್ನು ಕೇಳಿದರು: "ಈ ಎಳೆಯನ್ನು ಯಾರಾದರೂ ನೋಡಿದ್ದಾರಾ?"



"ಇಲ್ಲ ಸರ್. ಯಾವ ಪ್ರಯೋಗದಲ್ಲೂ ಇನ್ನೂ ಸಿಕ್ಕಿಲ್ಲ," ಎಂದಳು ತೆಲುಗಿನಲ್ಲಿ. "ಆದರೆ ಗುರುತ್ವಾಕರ್ಷಣೆಯನ್ನು ಈ ಲೆಕ್ಕಕ್ಕೆ ನಾವು ತಂದು ಸೇರಿಸಲಿಲ್ಲ. ಎಳೆಯ ಒಂದು ಮಿಡಿತದಲ್ಲಿ ಅದು ತಾನಾಗಿಯೇ ಬಂತು. ಅದಕ್ಕೇ ಓದುತ್ತಿದ್ದೇವೆ." ಚೀಟಿ ನೋಡದೆ ಆ ಲೆಕ್ಕದ ಹೆಜ್ಜೆಗಳನ್ನು ಬೋರ್ಡಿನ ಮೇಲೆ ಬರೆದಳು.

ಮುಖ್ಯಸ್ಥರು ಕನ್ನಡಕ ತೆಗೆದು ಕೊನೆಯ ಸಾಲಿನವರೆಗೂ ಓದಿದರು. "ಮುಂದಿನ ವರ್ಷ ಇದನ್ನು ಟೈಮ್ ಟೇಬಲ್ಲಿಗೇ ಹಾಕೋಣ," ಎಂದರು ನನಗೆ.

ಅಂದಿನ ಕೂಲಿ ಬಿಟ್ಟು ಬಂದಿದ್ದ ಮಲ್ಲಮ್ಮನ ಅವ್ವ ಹೊರಗೆ ಮಗಳ ಕೈ ಹಿಡಿದು ಕೇಳಿದಳು: "ಏನ್ ಹೇಳ್ದಿ ಅಷ್ಟ ಹೊತ್ತು?"

"ಜಗತ್ತ ಯಾತರಿಂದ ಆಗೈತಿ ಅಂತ ಹೇಳಿದ್ನೆವ್ವಾ!"

ಗೆಳತಿಯರೆಲ್ಲ ತಿರುಗಿ ನೋಡಿದರು. ಮಲ್ಲಮ್ಮ ದನಿ ತಗ್ಗಿಸಲಿಲ್ಲ. ಗುರುತ್ವದ ಮಾತನ್ನೂ ಅವ್ವನಿಗೆ ಕನ್ನಡದಲ್ಲೇ ಹೇಳುತ್ತ ಗೇಟಿನತ್ತ ನಡೆದಳು. ನನ್ನ ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಈಗ ರಜೆಗೆ ಊರಿಗೆ ಹೊರಟರೆ ಮಾಲಕಿ "ಎಪ್ಪುಡು ವಸ್ತಾವು?" ಎನ್ನುತ್ತಾರೆ. ಬಾಗಲಕೋಟೆಯಿಂದ ಹೊರಟರೆ ನನ್ನ ಅವ್ವ "ಯಾವಾಗ ಬರ್ತಿ?" ಎನ್ನುತ್ತಾಳೆ. ಇಬ್ಬರೂ ಕೇಳುವುದು ಒಂದನ್ನೇ. ಜಲ್ದಿ ಬರುತ್ತೇನೆ ಎಂದು ಇಬ್ಬರಿಗೂ ಹೇಳುತ್ತೇನೆ, ಒಬ್ಬರಿಗೆ ತೆಲುಗಿನಲ್ಲಿ, ಇನ್ನೊಬ್ಬರಿಗೆ ಕನ್ನಡದಲ್ಲಿ.