ಅಕ್ಕನಿಗೆ ಕೊಡಬೇಕಾದ ಲಿವರ್

ಲಿಫ್ಟ್ ರಿಪೇರಿ ಮಾಡುವ ಆ ಮೆಕ್ಯಾನಿಕ್‌ಗೆ ಜೊತೆಯವರು ಇಟ್ಟ ಹೆಸರು ಬುಗುರಿ. ಫೋನಿನಲ್ಲಿ ಮಾತಾಡುವಾಗಲೂ ಈ ಗೋಡೆಯಿಂದ ಆ ಗೋಡೆಗೆ ಓಡಾಡುವ ಆಸಾಮಿ. ವಯಸ್ಸು ನಲವತ್ತೊಂದು. ತಾಯಿ ಕಾರ್ಖಾನೆಗೆ ಹೋಗುತ್ತಿದ್ದ ದಿನಗಳಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ಈಗ ಆ ಅಕ್ಕನ ಲಿವರ್ ಕೈಕೊಟ್ಟಿತ್ತು.

ಅಕ್ಕನದು ಹೊಲಿಗೆ ಅಂಗಡಿ. ದಿನವಿಡೀ ಮೆಷಿನ್ ಮುಂದೆ ಕೂತು, ಊಟದ ಹೊತ್ತಿಗೆ ಬಿಸ್ಕತ್ತು ಕಡಿದು ಸಕ್ಕರೆ ಸುರಿದ ಚಹಾ ಕುಡಿಯುತ್ತಿದ್ದಳು. ಹೆಂಡವನ್ನು ಮೂಸಿಯೂ ನೋಡಿದವಳಲ್ಲ.

"ಕುಡಿಯದವರಿಗೂ ಲಿವರ್ ಹೋಗುತ್ತಾ ಡಾಕ್ಟ್ರೇ?" ಎಂದು ಬುಗುರಿ ಜಗಳಕ್ಕೆ ಬಂದವನಂತೆ ಕೇಳಿದ.

"ಕೊಬ್ಬು ತುಂಬಿದ್ರೂ ಹೋಗುತ್ತೆ. ಎಷ್ಟೋ ವರ್ಷ ಒಳಗೊಳಗೇ ಗಾಯವಾಗಿ ಕಲ್ಲಿನ ಹಾಗಾಗಿದೆ. ಇನ್ನು ಯಾರಾದ್ರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು," ಎಂದರು ಡಾಕ್ಟರಮ್ಮ.

"ನಂದು ತಗೊಳ್ಳಿ. ಇವತ್ತೇ ತಗೊಳ್ಳಿ."

ಪರೀಕ್ಷೆಗಳಾದವು. ವಾರದ ನಂತರ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಅವನ ಲಿವರಿನಲ್ಲೂ ನೂರಕ್ಕೆ ಇಪ್ಪತ್ತೆಂಟರಷ್ಟು ಕೊಬ್ಬು! "ಇದನ್ನ ಕೊಟ್ರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಹತ್ತು ವಾರ ಟೈಮ್ ಇದೆ. ಕರಗಿಸಿಕೊಂಡು ಬನ್ನಿ."

ಇಡೀ ದಿನ ಓಡಾಡುವವನಿಗೆ ಇದೆಲ್ಲಿಂದ ಬಂತು ಎಂದು ಅವನ ತಲೆ ಕೆಟ್ಟುಹೋಯಿತು. ಮೆಟ್ಟಿಲು ಹತ್ತದೆ ಲಿಫ್ಟಿನಲ್ಲೇ ಏರಿಳಿಯುತ್ತಿದ್ದದ್ದು, ಮಧ್ಯಾಹ್ನಕ್ಕೆ ಎರಡು ಬಾಟಲಿ ತಂಪು ಪಾನೀಯ, ಕರಿದ ತಿಂಡಿಯ ಪೊಟ್ಟಣ, ಒಂದೊಂದೂ ನೆನಪಾಗಿ ಚುಚ್ಚಿತು. ಅವತ್ತಿನಿಂದಲೇ ಊಟ ಬಿಟ್ಟ. ಐದನೆಯ ದಿನ ಲಿಫ್ಟ್ ಏರಿಳಿಯುವ ಬಾವಿಯಲ್ಲಿ ಏಣಿಯ ಮೇಲಿದ್ದಾಗ ಕಣ್ಣು ಕತ್ತಲಿಟ್ಟಿತು. ಸೊಂಟಕ್ಕೆ ಸುರಕ್ಷತೆಯ ಬೆಲ್ಟ್ ಕಟ್ಟಿದ್ದರಿಂದ ಜೀವ ಉಳಿಯಿತು.

"ಉಪವಾಸ ಬಿದ್ರೆ ಲಿವರ್ ಇನ್ನೂ ಕೆಡಬಹುದು ಕಣ್ರೀ!" ಎಂದು ಡಾಕ್ಟರಮ್ಮ ಗದರಿದರು. ಸಿಹಿ ಪಾನೀಯ, ಮೈದಾ, ಕರಿದದ್ದು ಬಂದ್. ತಟ್ಟೆಯ ಅರ್ಧ ತರಕಾರಿ, ಜೊತೆಗೆ ಕಾಳು, ಮೊಟ್ಟೆ. ದಿನಕ್ಕೊಂದು ಗಂಟೆ ಬಿರುಸಿನ ನಡಿಗೆ. ಅವನು ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: "ಇದು ಮನೆಮಂದಿಯಲ್ಲೆಲ್ಲ ಇರಬಹುದು. ಉಳಿದವರನ್ನೂ ಕರ್ಕೊಂಡು ಬನ್ನಿ."

ಕರೆದೊಯ್ದ. ಹೆಂಡತಿಗೆ ಏನೂ ಇರಲಿಲ್ಲ. ಹದಿಮೂರರ ಮಗಳಿಗೂ ಎಪ್ಪತ್ತೆರಡರ ತಾಯಿಗೂ ಇತ್ತು.

"ನನ್ನ ಮೈಮೇಲಿರೋದೇ ಚರ್ಮ, ಮೂಳೆ. ಕೊಬ್ಬು ಎಲ್ಲಿ ಬಚ್ಚಿಟ್ಕೊಂಡಿದೆ?" ಎಂದು ತಾಯಿ ರೇಗಿದಳು.

"ನೀವು ತೂಕ ಇಳಿಸಬೇಡಿ ಅಜ್ಜಿ. ಬ್ರೆಡ್ಡು, ಸಿಹಿ ಚಹಾದಲ್ಲೇ ದಿನ ತಳ್ಳಬೇಡಿ, ಅಷ್ಟೇ. ಕಾಳು, ಮೊಟ್ಟೆ, ಮೊಸರು ತಿನ್ನಿ. ಈ ವಯಸ್ಸಲ್ಲಿ ಮಾಂಸಖಂಡ ಕರಗಿದ್ರೆ ಕಷ್ಟ." ಮಗಳಿಗೆ ಹೇಳಿದ್ದೇ ಬೇರೆ: "ನೀನು ಬೆಳೆಯೋ ಹುಡುಗಿ, ಹಸ್ಕೊಂಡಿರಬೇಡ. ಬಾಟಲಿ ಜ್ಯೂಸು ಬಿಡು, ಆಟ ಆಡು."

ಒಂದೇ ಮನೆಯಲ್ಲಿ ಮೂರು ಬಗೆಯ ತಟ್ಟೆ. ಹೆಂಡತಿ ಗೊಣಗುತ್ತಲೇ ಬಡಿಸಿದಳು. ಅವನು ತೂಕದ ಯಂತ್ರದ ಮೇಲೆ ದಿನಕ್ಕೆ ಮೂರು ಸಲ ನಿಂತ. ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಬೇಸತ್ತು, ಬೆಳಕು ಹರಿಯುವ ಮೊದಲೇ ಎದ್ದು ನಡೆಯಲು ಹೋದ.

ಎಂಟನೆಯ ವಾರ, ಲಿವರ್ ಸೋಸಲಾಗದ ವಿಷ ಮಿದುಳಿಗೇರಿ ಅಕ್ಕನ ಪ್ರಜ್ಞೆ ಏರುಪೇರಾಯಿತು. ಆಸ್ಪತ್ರೆಯ ಹಾಸಿಗೆಯಿಂದ ತಮ್ಮನನ್ನೇ ನೋಡುತ್ತ, "ಬ್ಲೌಸ್ ನಾಳೆ ಸಿಗುತ್ತೆ, ಈಗ ಹೋಗಿ," ಎಂದಳು. ಅವನು ಹೊರಗೆ ಬಂದು ಗೋಡೆಗೆ ಹಣೆ ಒತ್ತಿ ಅತ್ತ.

"ಇನ್ನು ಕಾಯೋಕಾಗಲ್ಲ. ಈಗಲೇ ಸ್ಕ್ಯಾನ್ ಮಾಡೋಣ," ಎಂದರು ಡಾಕ್ಟರಮ್ಮ. ವರದಿ ಬರುವವರೆಗೂ ಅವನು ಆಸ್ಪತ್ರೆಯ ಆರು ಮಹಡಿಗಳನ್ನೂ ಹತ್ತಿ ಇಳಿದ. ಕೊಬ್ಬು ನೂರಕ್ಕೆ ಏಳರಷ್ಟಕ್ಕೆ ಇಳಿದಿತ್ತು. ಎರಡು ದಿನಕ್ಕೇ ಆಪರೇಷನ್ ಆಯಿತು.

ನಾಲ್ಕನೆಯ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಅಕ್ಕನ ಬಳಿಗೆ ಒಯ್ದರು. ಅವಳು ಬಹಳ ಹೊತ್ತು ನೋಡಿದಳು.

"ಎಷ್ಟು ಸೊರಗಿದ್ದೀಯೋ! ಊಟ ಮಾಡ್ತಿಲ್ವಾ?"

"ಮಾಡ್ತಿದ್ದೀನಿ ಕಣೇ ಅಕ್ಕ. ಈಗ್ಲೇ ಸರಿಯಾಗಿ ಮಾಡ್ತಿರೋದು."

ಆರು ತಿಂಗಳಾಗಿದೆ. ಅಕ್ಕ ಅರ್ಧ ದಿನ ಅಂಗಡಿಯಲ್ಲಿ ಕೂರುತ್ತಾಳೆ. ಮಗಳ ಎರಡನೆಯ ಸ್ಕ್ಯಾನ್ ಬರುವ ಶುಕ್ರವಾರ. ಅವಳು ಅದನ್ನು ಮರೆತು ಶಾಲೆಯ ಓಟದ ಪಂದ್ಯದ ಮಾತಾಡುತ್ತಾಳೆ. ಅಪ್ಪ ಮಾತ್ರ ಸೋಮವಾರದಿಂದಲೇ ಒಂದು ಕಡೆ ನಿಂತಿಲ್ಲ.